ಅಪ್ಪ ಆಟಕ್ಕೆ ಹೋಗುವುದನ್ನು ಬಿಟ್ಟದ್ದು ಯಾಕೆ: ಕಣ್ಣಿನ ಪೊರೆಯ ಬಗ್ಗೆ ಒಂದಿಷ್ಟು ಮಾತು

(ಉಡುಪಿ ಹತ್ತಿರದ ಒಂದು ಭಜನಾ ಮಂದಿರದಲ್ಲಿ ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಅಪ್ಪನಿಗೆ ಯಕ್ಷಗಾನ ಅಂದ್ರೆ ಪ್ರಾಣ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವು ಅಂದ್ರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ವಾರಕ್ಕೆ ಒಂದಾದರೂ ಆಟ ನೋಡಲೇಬೇಕು. ಕೈಯಲ್ಲಿ ಟಾರ್ಚು ಹಿಡಿದು ಗದ್ದೆಯ ಹುಣಿಯ, ಅಂದ್ರೆ ಬದುವಿನ ಮೇಲೆ ನಡೆದು ಹೋಗುವುದು, ಬೆಳಗ್ಗೆ ಮಂಗಳ ಹಾಡಿದ ಮೇಲೆ ವಾಪಸ್ ಬರುವುದು. ಅಂಥವರು ಒಂದು ವರ್ಷ ಹೋಗುವುದನ್ನೇ ನಿಲ್ಲಿಸಿದರು. ಯಾಕೆ ಅಂತ ಕೇಳಿದ್ರೆ, "ಈಗಿನ ಆಟದಲ್ಲಿ ಎಂತ ಉಂಟು? ಮೊದಲಿನ ಹಾಗೆ ಇಲ್ಲ" ಅಂದರು. ನಾವು ನಂಬಿದೆವು. ವಯಸ್ಸಾದವರು ಹಾಗೆ ಹೇಳುವುದು ಇದ್ದದ್ದೇ ಅಲ್ವಾ?

ನಾನು ಕಣ್ಣಿನ ಡಾಕ್ಟರ್. ಬೆಳಗ್ಗಿಂದ ಸಂಜೆವರೆಗೆ ನನ್ನ ಕೆಲಸವೇ ಬೇರೆಯವರ ಕಣ್ಣು ನೋಡುವುದು. ಆದರೂ ಎರಡು ವರ್ಷ ನನಗೂ ಗೊತ್ತಾಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಪ್ಪ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಮೊದಲೆಲ್ಲ ಬೆಳಕು ಇರುವ ಕಡೆ ಮುಖ ಮಾಡಿಯೇ ಕೂರುತ್ತಿದ್ದವರು. ಬಟ್ಟಲಲ್ಲಿ ಬಂಗುಡೆ ಇತ್ತು. ಅವರು ಮೀನನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳಲ್ಲಿ ತಡವಿ ತಡವಿ ಮುಳ್ಳು ಹುಡುಕುತ್ತಿದ್ದರು. ಒಂದು ತುತ್ತಿಗೆ ಅಷ್ಟು ಹೊತ್ತು. ನನ್ನ ತುತ್ತು ಗಂಟಲಲ್ಲೇ ನಿಂತಿತು.

ಮರುದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ನೋಡಿದೆ. ಎರಡೂ ಕಣ್ಣಲ್ಲಿ ದಪ್ಪ ಪೊರೆ. ಆಪರೇಷನ್ ಎಲ್ಲ ಮುಗಿದ ಮೇಲೆ ಅಪ್ಪ ನಿಜ ಹೇಳಿದರು. "ವೇಷದ ಮುಖವೇ ಕಾಣ್ತಿರಲಿಲ್ಲ. ಲೈಟಿನ ಸುತ್ತ ಬರೀ ಹೊಗೆ ಇದ್ದ ಹಾಗೆ. ಬರುವಾಗ ಎದುರಿಂದ ಬೈಕ್ ಬಂದ್ರೆ ಹುಣಿ ಯಾವುದು ಗದ್ದೆ ಯಾವುದು ಗೊತ್ತಾಗ್ತಿರಲಿಲ್ಲ." ಮತ್ತೆ ಯಾಕೆ ಹೇಳಲಿಲ್ಲ ಅಪ್ಪ ಅಂತ ಕೇಳಿದೆ. "ಹೇಳುವಂಥದ್ದು ಎಂತ ಉಂಟು ಅದರಲ್ಲಿ, ಪ್ರಾಯ ಆಯ್ತಲ್ಲ" ಅಂದರು.

ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತ ಬಂದದ್ದು ಮುಖ್ಯವಾಗಿ ಇದನ್ನೇ. ಪೊರೆ ಬಂದವರು "ನನಗೆ ಕಾಣುವುದಿಲ್ಲ" ಅಂತ ಹೇಳುವುದು ಬಹಳ ಕಡಿಮೆ. ಬೇರೆ ಏನಾದರೂ ಕಾರಣ ಹೇಳುತ್ತಾರೆ. ಟೀವಿ ಸರಿ ಇಲ್ಲ, ಪೇಪರಿನಲ್ಲಿ ಅಕ್ಷರ ಸಣ್ಣ ಮಾಡಿದ್ದಾರೆ, ರಾತ್ರಿ ಮದುವೆಗೆ ಯಾರು ಹೋಗ್ತಾರೆ, ಬಲ್ಬು ಮಂದ ಆಗಿದೆ. ಅವರು ಸುಳ್ಳು ಹೇಳುವುದಲ್ಲ. ಅವರಿಗೆ ಹಾಗೇ ಅನಿಸುತ್ತದೆ. ಪೊರೆ ಒಂದು ದಿನದಲ್ಲಿ ಬರುವುದಿಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಬರುತ್ತದೆ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಕಡಿಮೆಯಾದ ಹಾಗೆ ಮನುಷ್ಯ ತನ್ನ ಬದುಕನ್ನೂ ಕಡಿಮೆ ಮಾಡಿಕೊಳ್ಳುತ್ತಾ ಹೋಗುತ್ತಾನೆ.

ಈಗ ಈ ಪೊರೆ ಅಂದ್ರೆ ಏನು ಅಂತ ನೋಡೋಣ. ನಮ್ಮ ಭಾಷೆಯ ಈ ಶಬ್ದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಹಾವು ಪೊರೆ ಬಿಡುತ್ತದೆ ಅಂತೇವೆ. ಹಾಲು ಆರಿದಾಗ ಮೇಲೆ ಕೂರುವ ಕೆನೆಯೂ ಪೊರೆಯ ಹಾಗೇ. ಹಾಗಾಗಿ ಕಣ್ಣಿನ ಮೇಲೂ ಅಂಥದ್ದೇ ಒಂದು ತೆಳು ಚರ್ಮ ಬೆಳೆದಿದೆ, ಅದನ್ನು ಕೆರೆದು ತೆಗೆದರೆ ಆಯ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಣ್ಣಿನ ಮೂಲೆಯಿಂದ ಮಾಂಸದ ಹಾಗೆ ಬೆಳೆದು ಬರುವುದು ಬೇರೆ, ಅದಕ್ಕೆ ದುರ್ಮಾಂಸ ಅಂತ ಹೇಳುತ್ತೇವೆ. ಕಪ್ಪು ಗುಡ್ಡೆಯ ಮೇಲೆ ಗಾಯ ಆಗಿ ಬಿಳಿ ಕಲೆ ಉಳಿಯುವುದು ಇನ್ನೊಂದು, "ಕಣ್ಣಿಗೆ ಹೂ ಬಿದ್ದಿದೆ" ಅಂತಾರಲ್ಲ, ಅದು. ಪೊರೆ ಇವೆರಡೂ ಅಲ್ಲ. ಅದು ಕಣ್ಣಿನ ಒಳಗೆ ಇರುವುದು.

ಕಪ್ಪು ಗುಡ್ಡೆಯ ನಡುವೆ ಒಂದು ಕಿಂಡಿ ಇದೆ, ಪಾಪೆ. ಅದರ ಹಿಂದೆ ಒಂದು ಲೆನ್ಸ್ ಇದೆ. ಹುಟ್ಟುವಾಗಲೇ ದೇವರು ಇಟ್ಟು ಕಳಿಸಿದ ಲೆನ್ಸ್. ದೊಡ್ಡವರಲ್ಲಿ ಅದರ ಅಗಲ ಸುಮಾರು 9 ಮಿಲಿಮೀಟರ್, ದಪ್ಪ ಸುಮಾರು 4 ಮಿಲಿಮೀಟರ್. ಬೇಸಿಗೆಯಲ್ಲಿ ನಾವು ತಿನ್ನುವ ತಾಳೆಹಣ್ಣು, ತುಳುವಿನಲ್ಲಿ ಈರೋಳ್ ಅಂತೇವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಎಳೆಯದಾದರೆ ಸಿಪ್ಪೆ ತೆಗೆದ ಮೇಲೆ ಆಚೆ ಬದಿಯ ಬೆರಳು ಕಾಣುವಷ್ಟು ತಿಳಿ. ಒತ್ತಿದರೆ ಮೆತ್ತಗೆ. ಬಲಿತದ್ದಾದರೆ ಬಿಳಿಯಾಗಿ ಗಟ್ಟಿಯಾಗಿ ತಿನ್ನಲಿಕ್ಕೆ ಆಗುವುದಿಲ್ಲ. ನಮ್ಮ ಕಣ್ಣಿನ ಲೆನ್ಸ್ ಕೂಡ ಹೆಚ್ಚುಕಮ್ಮಿ ಹಾಗೇ. ಒಂದು ತೆಳುವಾದ ಚೀಲ, ಅದರ ಒಳಗೆ ನೀರು ಮತ್ತು ಪ್ರೋಟೀನು. ಮೂರನೇ ಎರಡು ಪಾಲು ನೀರು, ಉಳಿದದ್ದು ಹೆಚ್ಚಿನಂಶ ಪ್ರೋಟೀನು. ಆ ಪ್ರೋಟೀನಿನ ಎಳೆಗಳು ಬಹಳ ಒತ್ತಾಗಿ, ಸಾಲಾಗಿ ಕೂತಿರುವುದರಿಂದ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಲೀಸಾಗಿ ಹೋಗುತ್ತದೆ.

ಇದರಲ್ಲಿ ನನಗೆ ಇವತ್ತಿಗೂ ಆಶ್ಚರ್ಯ ಆಗುವ ಸಂಗತಿ ಒಂದಿದೆ. ಚರ್ಮ ಸುಲಿದರೆ ಹೊಸದು ಬರುತ್ತದೆ, ಉಗುರು ಕತ್ತರಿಸಿದರೆ ಬೆಳೆಯುತ್ತದೆ, ರಕ್ತವೂ ಹೊಸದಾಗುತ್ತಲೇ ಇರುತ್ತದೆ. ಆದರೆ ಲೆನ್ಸಿನ ನಡು ಭಾಗದ ಪ್ರೋಟೀನು ನಾವು ತಾಯಿಯ ಹೊಟ್ಟೆಯಲ್ಲಿ ಇದ್ದಾಗ ಆದದ್ದು. ಅದನ್ನು ಬದಲಾಯಿಸುವ ವ್ಯವಸ್ಥೆ ಶರೀರದಲ್ಲಿ ಇಲ್ಲ. ಅಲ್ಲಿಗೆ ರಕ್ತನಾಳವೂ ಹೋಗುವುದಿಲ್ಲ, ಯಾಕಂದ್ರೆ ರಕ್ತನಾಳ ಇದ್ದರೆ ಬೆಳಕಿಗೆ ಅಡ್ಡ ಬರುತ್ತದೆ. 70 ವರ್ಷದ ಅಜ್ಜನ ಕಣ್ಣೊಳಗೆ ಇರುವುದು 70 ವರ್ಷ ಹಳೆಯ ಪ್ರೋಟೀನು. ಅಷ್ಟು ವರ್ಷ ಬಿಸಿಲು ಕಂಡದ್ದು, ಸಕ್ಕರೆ ಕಂಡದ್ದು. ನಿಧಾನಕ್ಕೆ ಎಳೆಗಳು ಸಾಲು ತಪ್ಪುತ್ತವೆ, ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗುತ್ತವೆ. ಬೆಳಕು ಆ ಗಂಟುಗಳಿಗೆ ತಾಗಿ ಚೆದುರುತ್ತದೆ. ಪೊರೆ ಅಂದ್ರೆ ಇಷ್ಟೇ.

ಗಂಟು ಎಲ್ಲಿ ಶುರುವಾಯಿತು ಎನ್ನುವುದರ ಮೇಲೆ ತೊಂದರೆಯೂ ಬೇರೆ ಬೇರೆ. ಲೆನ್ಸಿನ ಹಿಂಬದಿಯಲ್ಲಿ, ಸರಿಯಾಗಿ ನಡುವಿನಲ್ಲಿ ಬಂದರೆ ಬೆಳಕು ಜಾಸ್ತಿ ಇದ್ದಲ್ಲೇ ಕಾಣುವುದು ಕಷ್ಟ. ಬಿಸಿಲಿಗೆ ಪಾಪೆ ಸಣ್ಣದಾಗುತ್ತದೆ, ಬೆಳಕು ಆ ಕಲೆಯ ಮೂಲಕವೇ ಹೋಗಬೇಕಾಗುತ್ತದೆ. ನಮ್ಮ ಅಪ್ಪ ಕಿಟಕಿಗೆ ಬೆನ್ನು ಹಾಕಿ ಕೂತದ್ದು ಅದಕ್ಕೇ. ಅಂಚಿನಿಂದ ಚಕ್ರದ ಕಡ್ಡಿಗಳ ಹಾಗೆ ಬರುವ ಪೊರೆಯಲ್ಲಿ ರಾತ್ರಿ ಎದುರು ಬರುವ ಗಾಡಿಯ ಲೈಟು ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಹೈವೇಯಲ್ಲಿ ಗಾಡಿ ಓಡಿಸುವವರಿಗೆ ಇದು ದೊಡ್ಡ ಅಪಾಯ.

ಮೂರನೆಯದ್ದು ನಡು ತಿರುಳು ಹಳದಿಯಾಗಿ ಗಟ್ಟಿಯಾಗುವುದು. ಇದು ಮನೆಯವರನ್ನೆಲ್ಲ ಮೋಸ ಮಾಡುತ್ತದೆ. ತಿರುಳು ಗಟ್ಟಿಯಾದಾಗ ಲೆನ್ಸಿನ ಶಕ್ತಿ ಹೆಚ್ಚಾಗಿ ಹತ್ತಿರದ್ದು ಚೆನ್ನಾಗಿ ಕಾಣಲು ಶುರುವಾಗುತ್ತದೆ. ಇಪ್ಪತ್ತು ವರ್ಷದಿಂದ ಓದುವ ಕನ್ನಡಕ ಹಾಕುತ್ತಿದ್ದ ಅಜ್ಜ ಒಂದು ದಿನ ಕನ್ನಡಕ ಇಲ್ಲದೆ ಪೇಪರ್ ಓದುತ್ತಾರೆ. ಮನೆಯಲ್ಲಿ ಎಲ್ಲರಿಗೂ ಖುಷಿ. "ನಮ್ಮ ಅಜ್ಜನ ಕಣ್ಣು ಈಗಲೂ ಹುಡುಗರ ಹಾಗೆ" ಅಂತ ಬಂದವರ ಹತ್ತಿರ ಹೇಳುವುದು ಬೇರೆ. ಅದೇ ಅಜ್ಜನಿಗೆ ಅಂಗಳದ ಗೇಟಿನಲ್ಲಿ ನಿಂತವರು ಯಾರು ಅಂತ ಗೊತ್ತಾಗುವುದಿಲ್ಲ. ವಯಸ್ಸಾದವರಿಗೆ ಕನ್ನಡಕ ತಾನಾಗಿಯೇ ಬೇಡವಾದರೆ ದಯವಿಟ್ಟು ಒಮ್ಮೆ ಕಣ್ಣು ತೋರಿಸಿ.

ಶಂಕರಪುರದ ಕಡೆಯಿಂದ ಒಬ್ಬ ಅಮ್ಮ ನನ್ನ ಹತ್ತಿರ ಬಂದಿದ್ದರು. ಮನೆ ಹಿತ್ತಲಲ್ಲಿ ಮಲ್ಲಿಗೆ ಗಿಡ ಇಟ್ಟುಕೊಂಡವರು. ನಿಮಗೆಲ್ಲ ಗೊತ್ತಿದೆ, ಮೊಗ್ಗು ಅರಳುವ ಮೊದಲೇ ಬೆಳಗ್ಗೆ ಬೇಗ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಚೆಂಡು ಲೆಕ್ಕ ಮಾಡಿ ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ಹೂ ಕಟ್ಟುವುದರಲ್ಲಿ ಅವರಿಗೆ ಒಂದು ತೊಂದರೆಯೂ ಇರಲಿಲ್ಲ. ನಲವತ್ತು ವರ್ಷ ಕಟ್ಟಿದ ಕೈ, ಅದಕ್ಕೆ ಕಣ್ಣು ಬೇಡ. ಹಾಗಾಗಿ "ಕಣ್ಣು ಸರಿ ಉಂಟು ಡಾಕ್ಟ್ರೇ" ಅನ್ನುವುದರಲ್ಲಿ ಅವರಿಗೆ ಪೂರ್ತಿ ನಂಬಿಕೆ. ವಿಷಯ ಗೊತ್ತಾದದ್ದು ಸೊಸೆಗೆ. ಸಂಜೆ ಹಿತ್ತಲಿಗೆ ಹೋದರೆ ಗಿಡದ ತುಂಬ ಹೂ ಅರಳಿ ನಿಂತಿರುತ್ತಿತ್ತು. ಬೆಳಗ್ಗೆ ಅತ್ತೆ ಕೊಯ್ದ ಗಿಡವೇ ಅದು! ಎಲೆಯ ಸಂದಿನಲ್ಲಿ, ನಸುಬೆಳಕಿನಲ್ಲಿ ಮೊಗ್ಗು ಕಾಣದೆ ಅರ್ಧಕ್ಕರ್ಧ ಗಿಡದಲ್ಲೇ ಬಿಟ್ಟು ಬರುತ್ತಿದ್ದರು. ಈ ವರ್ಷ ಗಿಡಕ್ಕೆ ಗೊಬ್ಬರ ಸಾಲದು, ಮೊಗ್ಗು ಕಡಿಮೆ, ಬಣ್ಣವೂ ಹಳದಿ ತಿರುಗಿದೆ ಅಂತ ಅತ್ತೆ ಹೇಳುತ್ತಿದ್ದರಂತೆ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಒಂದು ವಾರ ಬಿಟ್ಟು ಬಂದಾಗ ಸೆರಗಿನ ಗಂಟಿನಿಂದ ನಾಲ್ಕು ಮೊಗ್ಗು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಎಡಗಣ್ಣು ಮುಚ್ಚಿಕೊಂಡು, "ಇದರಲ್ಲಿ ನೋಡಿದ್ರೆ ಬಿಳಿ." ಆಮೇಲೆ ಬಲಗಣ್ಣು ಮುಚ್ಚಿ, "ಇದರಲ್ಲಿ ನೋಡಿದ್ರೆ ಚಾ ಚೆಲ್ಲಿದ ಬಟ್ಟೆ." ಮತ್ತೆ ಮತ್ತೆ ಹಾಗೇ ಮುಚ್ಚಿ ತೆರೆದು ನೋಡಿದರು. ಅಷ್ಟು ವರ್ಷ ಅವರು ಆ ಚಾ ಬಣ್ಣದ ಲೋಕವನ್ನೇ ಸರಿ ಅಂತ ನೋಡಿದ್ದರು. ಹಳದಿಯಾದ ಲೆನ್ಸು ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲಾಡ್ ಮೊನೆಗೂ ಪೊರೆ ಬಂದಿತ್ತು. ಆ ವರ್ಷಗಳ ಅವರ ಚಿತ್ರಗಳಲ್ಲಿ ಕೆಂಪು, ಕಂದು ಬಣ್ಣ ತುಂಬಿಕೊಂಡಿತ್ತು. 1923ರಲ್ಲಿ ಅವರ ಬಲಗಣ್ಣಿನ ಆಪರೇಷನ್ ಆಯಿತು. ಶಂಕರಪುರದ ಅಮ್ಮ ಮೊಗ್ಗಿನಲ್ಲಿ ಕಂಡದ್ದನ್ನೇ ಅವರು ಬಣ್ಣದ ತಟ್ಟೆಯಲ್ಲಿ ಕಂಡಿರಬೇಕು ಅಂತ ನನಗೆ ಅನಿಸುತ್ತದೆ.

ಪೊರೆ ಯಾರಿಗೆ ಬರುತ್ತದೆ? ಬದುಕಿದ್ದರೆ ಹೆಚ್ಚುಕಮ್ಮಿ ಎಲ್ಲರಿಗೂ. ವಯಸ್ಸೇ ದೊಡ್ಡ ಕಾರಣ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಗ ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ, ಜೀವಮಾನ ಇಡೀ ಬಿಸಿಲಿನಲ್ಲಿ ಕೆಲಸ ಮಾಡಿದವರಿಗೆ ಸಾಧ್ಯತೆ ಜಾಸ್ತಿ. ಕಡಲಲ್ಲಿ ಮೀನು ಹಿಡಿಯುವವರಿಗೆ ಬಿಸಿಲು ಮೇಲಿನಿಂದಲೂ ಬೀಳುತ್ತದೆ, ನೀರಿನಿಂದಲೂ ಹೊಡೆಯುತ್ತದೆ. ಟೊಪ್ಪಿ, ಒಳ್ಳೆಯ ಕಪ್ಪು ಕನ್ನಡಕ ಶೋಕಿಗೆ ಅಂತ ತಿಳಿಯಬೇಡಿ. ಕಣ್ಣಿಗೆ ಪೆಟ್ಟಾದರೆ ಯಾವ ವಯಸ್ಸಿನಲ್ಲೂ ಬರಬಹುದು. ಕೆಂಪುಕಲ್ಲಿನ ಕೋರೆಯಲ್ಲಿ ಚೂರು ಹಾರಿ, ಹುಲ್ಲು ಕತ್ತರಿಸುವ ಮಿಷನ್ನಿನಿಂದ ಕಲ್ಲು ಸಿಡಿದು ಹಾಳಾದ ಕಣ್ಣುಗಳನ್ನು ಕಂಡಿದ್ದೇನೆ. ನೂರಿನ್ನೂರು ರೂಪಾಯಿಯ ಕನ್ನಡಕ ಹಾಕಿದ್ದರೆ ಉಳಿಯುತ್ತಿತ್ತು.

ಇನ್ನೊಂದು ಕಾರಣ ಸ್ಟೀರಾಯ್ಡ್. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕಣ್ಣು ಕೆಂಪಾಯ್ತು, ತುರಿಕೆ ಬಂತು ಅಂತ ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ಹನಿಮದ್ದು ತರುತ್ತೀರಿ. ಹಾಕಿದ ಕೂಡಲೇ ಆರಾಮ ಆಗುತ್ತದೆ. ಮತ್ತೆ ತುರಿಸಿದಾಗ ಅದೇ ಬಾಟಲಿ. ತಿಂಗಳುಗಟ್ಟಲೆ, ವರ್ಷಗಟ್ಟಲೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹದಿನೈದು ವರ್ಷದ ಮಕ್ಕಳಿಗೂ ಪೊರೆ ಬರಬಹುದು. ಅದಕ್ಕಿಂತ ಕೆಟ್ಟದ್ದು ಕಣ್ಣಿನ ಒತ್ತಡ ಏರಿ ನರ ಸಾಯುವುದು. ಪೊರೆಯಿಂದ ಹೋದ ದೃಷ್ಟಿಯನ್ನು ವಾಪಸ್ ತರಬಹುದು, ನರ ಸತ್ತು ಹೋದದ್ದನ್ನು ತರಲಿಕ್ಕೆ ಆಗುವುದಿಲ್ಲ. ಡಾಕ್ಟರ್ ಬರೆದುಕೊಟ್ಟರೆ, ಅವರು ಹೇಳಿದಷ್ಟು ದಿನ ಮಾತ್ರ ಹಾಕಿ. ದಮ್ಮಿಗೆ, ಚರ್ಮಕ್ಕೆ ಡಾಕ್ಟರ್ ಕೊಟ್ಟ ಸ್ಟೀರಾಯ್ಡನ್ನು ಹೆದರಿ ನಿಲ್ಲಿಸಬೇಡಿ, ಕಣ್ಣನ್ನು ಆಗಾಗ ತೋರಿಸುತ್ತಾ ಇರಿ.

ಟೀವಿ, ಮೊಬೈಲ್ ನೋಡುವುದರಿಂದ ಪೊರೆ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕರಗಿಸುವ ಹನಿಮದ್ದು, ಮಾತ್ರೆ ಇಲ್ಲ. ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಕಣ್ಣಿಗೆ ಬಿಡುವ ಅಭ್ಯಾಸ ನಮ್ಮಲ್ಲಿ ಇದೆ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬೇಡ. ಪೊರೆ ಇರುವುದು ಒಳಗೆ, ರಸ ಅಲ್ಲಿಗೆ ಹೋಗುವುದಿಲ್ಲ. ಮೇಲಿನ ಕಪ್ಪು ಗುಡ್ಡೆಗೆ ಸೋಂಕಾದರೆ ಪೊರೆಗಿಂತ ದೊಡ್ಡ ಸಮಸ್ಯೆ.

ಈಗ "ಪೊರೆ ಬಲಿಯಲಿ, ಆಮೇಲೆ ಮಾಡಿಸೋಣ" ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ಮೂಢನಂಬಿಕೆ ಅಂತ ನಾನು ತಳ್ಳಿ ಹಾಕುವುದಿಲ್ಲ. ಒಂದು ಕಾಲದಲ್ಲಿ ಇದು ಸರಿಯಾದ ಸಲಹೆಯೇ ಆಗಿತ್ತು. ನಮ್ಮ ದೇಶದಲ್ಲಿ ಪೊರೆಗೆ ಚಿಕಿತ್ಸೆ ಬಹಳ ಹಳೆಯದು, ಸುಶ್ರುತ ಸಂಹಿತೆಯಲ್ಲೇ ಇದೆ. ಆಗ ಲೆನ್ಸನ್ನು ಸೂಜಿಯಂಥ ಸಲಕರಣೆಯಿಂದ ದಾರಿಯಿಂದ ಆಚೆ ಸರಿಸುತ್ತಿದ್ದರು, ಹೊರಗೆ ತೆಗೆಯುತ್ತಿರಲಿಲ್ಲ. ಕೊಯ್ದು ಹೊರಗೆ ತೆಗೆಯುವ ಕ್ರಮವನ್ನು ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಶುರು ಮಾಡಿದರು. ನಮ್ಮ ಕರ್ನಾಟಕದ ಹಿರಿಯರಿಗೆ ನೆನಪಿರುವ ಹೆಸರು ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದವರು. ಊರೂರಿಗೆ ಹೋಗಿ, ಶಾಲೆಗಳಲ್ಲಿ ಶಿಬಿರ ಮಾಡಿ, ಒಂದೇ ದಿನದಲ್ಲಿ ನೂರಾರು ಜನರಿಗೆ ಆಪರೇಷನ್ ಮಾಡಿದ ಪುಣ್ಯಾತ್ಮ. ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಆ ಕಾಲದಲ್ಲಿ ಕೆಟ್ಟ ಲೆನ್ಸ್ ತೆಗೆಯುತ್ತಿದ್ದರು, ಅದರ ಜಾಗಕ್ಕೆ ಬೇರೆ ಇಡುತ್ತಿರಲಿಲ್ಲ. ಹಾಗಾಗಿ ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ನಿಮ್ಮ ಅಜ್ಜ ಅಜ್ಜಿಯರ ಹಳೆಯ ಫೋಟೋಗಳಲ್ಲಿ ನೋಡಿರುತ್ತೀರಿ, ಕನ್ನಡಕದ ಹಿಂದೆ ಕಣ್ಣು ತುಂಬಾ ದೊಡ್ಡದಾಗಿ ಕಾಣುತ್ತದೆ. ಅವರಿಗೂ ಲೋಕ ಹಾಗೆ ಉಬ್ಬಿಯೇ ಕಾಣುತ್ತಿತ್ತು. ಮೆಟ್ಟಿಲು ಹತ್ತಿರ ಬಂದ ಹಾಗೆ, ಬಾಗಿಲು ಬಾಗಿದ ಹಾಗೆ. ಗಾಯವೂ ದೊಡ್ಡದು, ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಇಷ್ಟೆಲ್ಲ ಕಷ್ಟಪಡಬೇಕಾದರೆ ಪೂರ್ತಿ ಕಾಣದೇ ಆಗುವವರೆಗೆ ಕಾಯುವುದೇ ಬುದ್ಧಿವಂತಿಕೆ. ಅದಕ್ಕೇ ಹಿರಿಯರು ಬಲಿಯಲಿ ಅಂದದ್ದು.

ಇದೆಲ್ಲ ಬದಲಾದದ್ದು ಒಂದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನಗಳ ಕಿಟಕಿ ಒಡೆದು ಪ್ಲಾಸ್ಟಿಕ್ಕಿನ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಹೋಗಿದ್ದವು. ಆ ಚೂರು ಒಳಗೇ ಇದ್ದರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲೆ ಎಂಬ ಡಾಕ್ಟರ್ ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಸಲ ಕಣ್ಣೊಳಗೆ ಇಟ್ಟರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಇನ್ನೊಂದು ಹೆಜ್ಜೆ ಇಟ್ಟರು. ದಂತವೈದ್ಯರು ಹಲ್ಲು ಶುಚಿ ಮಾಡುವ ಯಂತ್ರ ಕಂಡು, ಪೊರೆಯನ್ನು ಕಣ್ಣೊಳಗೇ ಪುಡಿ ಮಾಡಿ ಹೀರಿ ತೆಗೆಯುವ ಉಪಾಯ ಅವರಿಗೆ ಹೊಳೆಯಿತು. 1992ರಲ್ಲಿ ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಆರೋಲ್ಯಾಬ್ ಶುರು ಮಾಡಿ ಲೆನ್ಸನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ಮಾಡಿದರು. ಬಡವರ ಕಣ್ಣಿಗೂ ಲೆನ್ಸ್ ಬಂತು.

ಈಗ ಗಾಯ ಎರಡು ಮೂರು ಮಿಲಿಮೀಟರ್. ಹೆಚ್ಚಿನವರಿಗೆ ಹೊಲಿಗೆಯೂ ಬೇಡ. ಇನ್ನೂ ಕಾದರೆ ನಷ್ಟವೇ. ತಿರುಳು ಕಲ್ಲಿನ ಹಾಗಾದರೆ ಪುಡಿ ಮಾಡಲು ಜಾಸ್ತಿ ಹೊತ್ತು, ಜಾಸ್ತಿ ಶಕ್ತಿ ಬೇಕು, ಕಪ್ಪು ಗುಡ್ಡೆಗೆ ಅಷ್ಟು ಪೆಟ್ಟು. ತೀರಾ ಬಿಟ್ಟರೆ ಲೆನ್ಸ್ ಊದಿಕೊಂಡೋ ಸೋರಿಯೋ ಕಣ್ಣಿನ ಒತ್ತಡ ಏರಿ, ತಡೆಯಲಾಗದ ನೋವು ಬಂದು ನರವೇ ಹಾಳಾಗಬಹುದು. ಹಾಗಂತ ಪೊರೆ ಕಂಡ ಕೂಡಲೇ ಎಲ್ಲರಿಗೂ ಆಪರೇಷನ್ ಬೇಕು ಅಂತಲೂ ಇಲ್ಲ. ಕನ್ನಡಕ ಬದಲಾಯಿಸಿ ಕೆಲಸ ನಡೆಯುವುದಾದರೆ ನಡೆಯಲಿ. ನಿಮ್ಮ ದಿನದ ಕೆಲಸಕ್ಕೆ ತೊಂದರೆ ಆದಾಗ ಮಾಡಿಸಿಕೊಳ್ಳಿ. ಮೊಗ್ಗು ಕೊಯ್ಯುವುದು, ಬಲೆ ಹೆಣೆಯುವುದು, ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲು ಇಳಿಯುವುದು, ಆಟ ನೋಡುವುದು, ಎಲ್ಲವೂ ದಿನದ ಕೆಲಸವೇ.

ಆಪರೇಷನ್ ಹೇಗೆ ಅಂತ ಹೆದರುವವರಿಗೆ ಎರಡು ಮಾತು. ಮರಗಟ್ಟಿಸಲು ಹೆಚ್ಚಾಗಿ ಹನಿಮದ್ದು ಸಾಕು, ಕೆಲವರಿಗೆ ಕಣ್ಣಿನ ಬದಿಗೆ ಇಂಜೆಕ್ಷನ್. ನೀವು ಎಚ್ಚರವಾಗಿಯೇ ಇರುತ್ತೀರಿ. ಮೇಲೆ ಜೋರು ಬೆಳಕು, ಅದರಲ್ಲಿ ಬಣ್ಣ ಬಣ್ಣ ಕಾಣಬಹುದು, ನೀರು ಹರಿದ ಹಾಗೆ ಅನಿಸುತ್ತದೆ, ಸ್ವಲ್ಪ ಒತ್ತಿದ ಹಾಗೆ. ಚೂರಿ ಬರುವುದು ಕಾಣುವುದಿಲ್ಲ. ಲೆನ್ಸಿನ ಚೀಲದ ಮುಂದಿನ ಸಿಪ್ಪೆಯಲ್ಲಿ ಒಂದು ಗುಂಡು ಬಾಗಿಲು ತೆಗೆದು, ಒಳಗಿನ ತಿರುಳನ್ನು ಪುಡಿ ಮಾಡಿ ಹೀರಿ, ಖಾಲಿ ಚೀಲದೊಳಗೆ ಮಡಚಿದ ಹೊಸ ಲೆನ್ಸನ್ನು ಜಾರಿಸುತ್ತೇವೆ. ಅದು ಒಳಗೆ ಹೋಗಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಸಾವಿರಾರು ಸಲ ನೋಡಿದ್ದರೂ ಆ ಕ್ಷಣಕ್ಕೆ ನಾನು ಉಸಿರು ಹಿಡಿಯುತ್ತೇನೆ. ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ.

ಆಪರೇಷನ್ನಿಗೆ ಮೊದಲು ನೀವು ನಮಗೆ ಕೆಲವು ವಿಷಯ ಹೇಳಲೇಬೇಕು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ. ಗಂಡಸರು ಮೂತ್ರದ ತೊಂದರೆಗೆ, ಪ್ರಾಸ್ಟೇಟಿಗೆ ಮಾತ್ರೆ ತಿನ್ನುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ. ಅದರಲ್ಲಿ ಕೆಲವು ಮಾತ್ರೆಗಳು ಪಾಪೆಯನ್ನು ಸಡಿಲ ಮಾಡುತ್ತವೆ, ಮೊದಲೇ ಗೊತ್ತಿದ್ದರೆ ನಾವು ತಯಾರಿ ಮಾಡಿಕೊಳ್ಳುತ್ತೇವೆ. ಸಕ್ಕರೆ ಹತೋಟಿಯಲ್ಲಿ ಇರಬೇಕು. ಕಣ್ಣಿನ ಹಿಂದಿನ ಪರದೆ, ನರ ಸರಿ ಇದೆಯಾ ಅಂತಲೂ ನೋಡಬೇಕು. ಕ್ಯಾಮೆರಾದ ಗಾಜು ಹೊಸದು ಹಾಕಿದರೂ ಒಳಗಿನ ಫಿಲ್ಮ್ ಹಾಳಾಗಿದ್ದರೆ ಚಿತ್ರ ಬರುವುದಿಲ್ಲ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದವರ ಕುರುಡುತನಕ್ಕೆ ಶೇಕಡಾ 66.2ರಷ್ಟು ಪೊರೆಯೇ ಕಾರಣ ಅಂತ ಕಂಡಿತು. ಮೂವರು ಕುರುಡರಲ್ಲಿ ಇಬ್ಬರು ಸುಮ್ನೆ ಕತ್ತಲಲ್ಲಿ ಕೂತಿದ್ದಾರೆ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಈ ಎರಡು ಸರ್ಕಾರಿ ಆಸ್ಪತ್ರೆಗಳು ನಮ್ಮ ಹತ್ತಿರವೇ ಇವೆ. ದುಡ್ಡಿಲ್ಲ ಅಂತ ಯಾರೂ ಮನೆಯಲ್ಲಿ ಕೂರಬೇಡಿ.

ಇನ್ನು ಸಭೆಯಲ್ಲಿ ಕೇಳಿದ ಪ್ರಶ್ನೆಗಳು.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಾಡಿಸಬಹುದಾ ಅಂತ ಒಬ್ಬರು ಅಕ್ಕ ಕೇಳಿದರು. ಮಾಡಿಸಬಹುದು. ಮಳೆಗಾಲ, ಬೇಸಿಗೆ ಅಂತ ವ್ಯತ್ಯಾಸ ಇಲ್ಲ. ದೊಡ್ಡ ಗಾಯ, ಹೊಲಿಗೆ ಇದ್ದ ಕಾಲದ ಹೆದರಿಕೆ ಅದು. ಶುಭ ಕಾರ್ಯಕ್ಕೆ ಆಟಿ ಬೇಡ ಅನ್ನುವ ನಂಬಿಕೆ ನಿಮ್ಮದು, ನಾನು ಒತ್ತಾಯ ಮಾಡುವುದಿಲ್ಲ. ಆಟಿ ಮುಗಿದು ಸೋಣ ತಿಂಗಳು ಬಂದ ಮೇಲಾದರೂ ಮರೆಯದೆ ಬನ್ನಿ.

ನಂಜಿನ ಪದಾರ್ಥ ಬಿಡಬೇಕಾ, ಬಂಗುಡೆ, ಬದನೆ ತಿನ್ನಬಹುದಾ? ಧಾರಾಳವಾಗಿ ತಿನ್ನಿ. ಆಪರೇಷನ್ ಆದವರು ಪಥ್ಯ ಅಂತ ಬರೀ ಗಂಜಿ ಕುಡಿದು ಸೊರಗುವುದು ಬೇಡ. ಬಿಡಬೇಕಾದದ್ದು ಬೇರೆ ಇದೆ. ಕಣ್ಣು ಉಜ್ಜುವುದು, ತಲೆಸ್ನಾನದ ನೀರು ಕಣ್ಣಿಗೆ ಬೀಳುವುದು, ಒಲೆಯ ಹೊಗೆ, ಹಟ್ಟಿಯ ಕೆಲಸ, ಭಾರ ಎತ್ತುವುದು. ಎಷ್ಟು ದಿನ ಅಂತ ನಿಮ್ಮ ಡಾಕ್ಟರ್ ಹೇಳುತ್ತಾರೆ. ಹನಿಮದ್ದನ್ನು ಕೈ ತೊಳೆದು ಹಾಕಿ. ಆಪರೇಷನ್ ಆದ ಕಣ್ಣು ನೋಯಲು ಶುರುವಾದರೆ, ಕೆಂಪು ಜಾಸ್ತಿಯಾದರೆ, ಕಾಣುತ್ತಿದ್ದದ್ದು ಮಂಜಾದರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಬನ್ನಿ. ಒಳಗೆ ಸೋಂಕಾಗುವುದು ಅಪರೂಪ. ಆದರೆ ಹಾಗೇನಾದರೂ ಆದರೆ ಗಂಟೆ ಗಂಟೆಗೂ ಬೆಲೆ ಇದೆ.

ಜಾಸ್ತಿ ದುಡ್ಡಿನ ಲೆನ್ಸ್ ಒಳ್ಳೆಯದಾ? ದೂರ ಹತ್ತಿರ ಎರಡೂ ಕಾಣುವ ಲೆನ್ಸ್ ಇವೆ. ಕೆಲವರಿಗೆ ಚೆನ್ನಾಗಿ ಹೊಂದುತ್ತದೆ. ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆಬಳೆ ಕಾಣುತ್ತದೆ. ರಾತ್ರಿ ಗಾಡಿ ಓಡಿಸುವವರು, ಕಣ್ಣಿನ ಪರದೆಯ ತೊಂದರೆ ಇರುವವರು ಚೆನ್ನಾಗಿ ವಿಚಾರಿಸಿ. ಸಾದಾ ಲೆನ್ಸ್ ಅಂದ್ರೆ ಕಳಪೆ ಲೆನ್ಸ್ ಅಲ್ಲ. ನಮ್ಮ ಅಪ್ಪನಿಗೆ ನಾನು ಹಾಕಿಸಿದ್ದು ಸಾದಾ ಲೆನ್ಸೇ. ಓದಲು ಕನ್ನಡಕ ಹಾಕುತ್ತಾರೆ, ಅಷ್ಟೇ.

ಪೊರೆ ಮತ್ತೆ ಬರುತ್ತದಾ? ಹಾಕಿದ ಲೆನ್ಸಿಗೆ ಪೊರೆ ಬರುವುದಿಲ್ಲ. ನಾವು ಉಳಿಸಿದ ಚೀಲದ ಹಿಂಬದಿ ಕೆಲವರಿಗೆ ತಿಂಗಳು, ವರ್ಷಗಳಾದ ಮೇಲೆ ಮಂಜಾಗುತ್ತದೆ. ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಅದಕ್ಕೆ ಒಂದು ಕಿಂಡಿ ಮಾಡಿದರೆ ಆಯ್ತು.

ಮಕ್ಕಳಿಗೂ ಬರುತ್ತದಾ ಅಂತ ಒಬ್ಬ ತಾಯಿ ಕೇಳಿದರು. ಬರುತ್ತದೆ, ಹುಟ್ಟುವಾಗಲೇ ಇರಬಹುದು. ಮಗುವಿನ ಪಾಪೆ ಬಿಳಿಯಾಗಿ ಕಂಡರೆ, ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಹೊಳೆದರೆ ಕೂಡಲೇ ಕರೆದುಕೊಂಡು ಬನ್ನಿ. ಬೇರೆ ಗಂಭೀರ ಕಾಯಿಲೆಯಲ್ಲೂ ಹಾಗೆ ಕಾಣುತ್ತದೆ. ದೊಡ್ಡವರಿಗೆ ಕಾಯಲು ಸ್ವಲ್ಪ ಸಮಯ ಇದೆ, ಮಗುವಿಗೆ ಇಲ್ಲ. ನೋಡಲು ಕಲಿಯುವ ವಯಸ್ಸಿನಲ್ಲಿ ಕಣ್ಣಿಗೆ ಬೆಳಕು ಸಿಗದಿದ್ದರೆ ಮಿದುಳು ಆ ಕಣ್ಣನ್ನೇ ಬಿಟ್ಟುಬಿಡುತ್ತದೆ.

ಮಾತು ಮುಗಿಸುವ ಮೊದಲು ಎಲ್ಲರ ಹತ್ತಿರ ಒಂದು ಕೆಲಸ ಮಾಡಿಸಿದೆ. ಮಂದಿರದ ಗೋಡೆಯಲ್ಲಿ ದೊಡ್ಡ ಕ್ಯಾಲೆಂಡರ್ ಇತ್ತು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತಬೇಡಿ, ಅಂಕೆ ಓದಿ. ಆಮೇಲೆ ಇನ್ನೊಂದು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೆಲಸವನ್ನೂ ಮಾಡುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಹಿರಿಯರು ಬಲಗಣ್ಣು ಮುಚ್ಚಿದವರು ಕೈ ತೆಗೆಯಲೇ ಇಲ್ಲ. ಪಕ್ಕದಲ್ಲಿದ್ದ ಹೆಂಡತಿ, "ಎಂತ ಆಯ್ತು?" ಅಂತ ಕೇಳಿದರು. "ಕ್ಯಾಲೆಂಡರ್ ಎಲ್ಲಿ ಉಂಟು?" ಅಂದರು ಅವರು. ಸಭೆ ಮುಗಿದ ಮೇಲೆ ಇಬ್ಬರೂ ನನ್ನ ಹತ್ತಿರ ಬಂದರು. ಸೋಮವಾರ ಬೆಳಗ್ಗೆ ಬರಲು ಹೇಳಿದ್ದೇನೆ. ತಿನ್ನುವ ಮಾತ್ರೆಗಳ ಚೀಟಿ ತನ್ನಿ, ಪಾಪೆ ಅಗಲ ಮಾಡುವ ಮದ್ದು ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಸ್ಕೂಟರ್ ಬೇಡ, ಬಸ್ಸಿನಲ್ಲಿ ಬನ್ನಿ, ಜೊತೆಗೆ ಇವರೂ ಇರಲಿ ಅಂದೆ. "ನಾನು ಕರ್ಕೊಂಡು ಬರ್ತೇನೆ ಡಾಕ್ಟ್ರೇ" ಅಂತ ಹೆಂಡತಿಯೇ ಹೇಳಿದರು.